ಹತ್ತನೆಯ ಬೆರಳು

“ನೋಡಿದೆ ಮಾನೋಲ್, ಚೆನ್ನಾಗೇ ನೋಡಿದೆ. ಆದ್ರೆ ನನ್ನ ಕನಸು ಅಂದ್ಕೊಂಡು ಸುಮ್ನಾಗ್ಬಿಟ್ಟೆ,” ಎಂದಳು ನೇದಾ.

ಮಾನೋಲ್ ಕೆಹಾಯೋವ್ ಬರೆಯುವುದನ್ನು ನಿಲ್ಲಿಸಿದ. ಅವನು ಕೂತಿದ್ದದ್ದು ಮೂರು ವರ್ಷದ ಮಗುವಿಗೆಂದು ಮಾಡಿಸಿದ ಹಳದಿ ಕುರ್ಚಿ; ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಪೊಲೀಸ್ ಇಲಾಖೆಯಲ್ಲಿದ್ದಷ್ಟು ಕಾಲ ಅವನು ಸುಳ್ಳು ಸಾಕ್ಷಿಗಳನ್ನು ಕಂಡಿದ್ದ, ಹೆದರಿದ ಸಾಕ್ಷಿಗಳನ್ನು ಕಂಡಿದ್ದ, ಕುಡಿದು ಬಂದ ಸಾಕ್ಷಿಗಳನ್ನಂತೂ ಲೆಕ್ಕವಿಲ್ಲದಷ್ಟು ಕಂಡಿದ್ದ. ಕಣ್ಣಾರೆ ಕಂಡು, ಕಂಡದ್ದು ತನ್ನ ಕಣ್ಣೇ ಹೌದೋ ಅಲ್ಲವೋ ಎಂದು ಅನುಮಾನಪಡುವ ಸಾಕ್ಷಿ ಅವನ ಪಾಲಿಗೆ ಹೊಸದು.

ಬ್ರೆಸ್ತೊ ಊರಿನ ಹೆಮ್ಮೆಯ ಗಾಯ್ದಾ, ಅಂದರೆ ಸತ್ತ ಅಪೋಸ್ತೋಲ್ ನುಡಿಸುತ್ತಿದ್ದ ದೊಡ್ಡ ಆಡಿನ ಚರ್ಮದ ಚೀಲಕ್ಕೆ ಕೊಳವೆ ಸಿಕ್ಕಿಸಿದ ಊದುವಾದ್ಯ, ಹಳೆಯ ಶಿಶುವಿಹಾರದ ಗಾಜಿನ ಪೆಟ್ಟಿಗೆಯಿಂದ ಗುರುವಾರ ಬೆಳಗಿನ ಜಾವ ಮಾಯವಾಗಿತ್ತು. ಬೀಗ ಒಡೆದಿರಲಿಲ್ಲ, ಗಾಜು ಬಿರುಕು ಬಿಟ್ಟಿರಲಿಲ್ಲ. ಕೀಲಿ ಇದ್ದದ್ದು ಮಾನೋಲನ ತಂಗಿ ಸೆವ್ದಾಳ ಹತ್ತಿರ ಮಾತ್ರ.

ಈಗ ಶನಿವಾರ ಮಧ್ಯಾಹ್ನ. ನಾಳೆ ಅಪೋಸ್ತೋಲನ ವರ್ಷದ ಸ್ಮರಣೆ. ಸಮಾಧಿಯ ಮುಂದೆ ಅದೇ ಗಾಯ್ದಾ ಮೊಳಗಬೇಕೆಂದು ಊರು ಕಾದಿತ್ತು. ಅಷ್ಟರೊಳಗೆ ಅದು ಸಿಗದಿದ್ದರೆ ಸೆವ್ದಾಳ ಮೇಲೆ ಕಳ್ಳತನದ ದೂರು ಕೊಡುವುದಾಗಿಯೂ, ಶಿಶುವಿಹಾರದ ಕಟ್ಟಡವನ್ನು ಅವಳ ಕೈಯಿಂದ ವಾಪಸ್ಸು ಪಡೆಯುವುದಾಗಿಯೂ ಊರ ಸಂಘದ ಅಧ್ಯಕ್ಷೆ ವೆನೆತಾ ಪಾಶೋವಾ ಸಾರಿಬಿಟ್ಟಿದ್ದಳು. ವೆನೆತಾ ಸುಮ್ಮಸುಮ್ಮನೆ ಸಾರುವ ಹೆಂಗಸಲ್ಲ. ಹೋದ ವರ್ಷ ಸಂಘದ ಕೋಣೆಯಲ್ಲಿ ಆಡುತ್ತಿದ್ದ ಚದುರಂಗದವರನ್ನು ಇದೇ ಥರ ಸಾರಿ ಓಡಿಸಿದ್ದಳು.

ಮಾನೋಲ್ ಮತ್ತೆ ಪೆನ್ನು ಎತ್ತಿಕೊಂಡ. “ಸರಿ, ಕನಸೋ ನನಸೋ ಆಮೇಲೆ ನೋಡೋಣ. ಏನು ಕಂಡೆ, ಅದನ್ನ ಹೇಳು.”

ನೇದಾ ಊರಿನ ಹಾಡುಗಾರರ ತಂಡದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವವಳು. ಏನನ್ನು ಹೇಳಿದರೂ ಕೈ ಬೀಸಿ ಹೇಳುವವಳು. ಕನಸನ್ನು ಕನಸಿನಲ್ಲೇ ಗುರುತಿಸುವುದನ್ನು ಕಲಿಯಲು ಶಿಶುವಿಹಾರದಲ್ಲಿ ಮಲಗುವ ಕೂಟದವರನ್ನೆಲ್ಲ ಸೆವ್ದಾ ಗಂಟೆ ಹೊಡೆದು ಎಬ್ಬಿಸಿದ್ದು, ಲಿಂಡೆನ್ ಹೂವಿನ ಕಷಾಯ ಕೊಟ್ಟದ್ದು, ಎಲ್ಲರೂ ಕುರ್ಚಿಯಲ್ಲಿ ಕೂತು ಅಂಗೈ ನೋಡಿಕೊಂಡದ್ದು, ಮತ್ತೆ ಮಲಗಿದ್ದು, ಇಷ್ಟನ್ನೂ ಅವಳು ಅಭಿನಯಿಸಿ ತೋರಿಸಿದಳು. ಆಮೇಲೆ ಕಣ್ಣು ಹತ್ತುವ ಹೊತ್ತಿಗೆ ಹಜಾರದಲ್ಲಿ ಆಡು ಅರಚಿದ ಸದ್ದು. ತಲೆ ಎತ್ತಿ ನೋಡಿದರೆ, ದೀಪದ ಕೆಳಗೆ ಮೈಯೆಲ್ಲ ಮುಚ್ಚಿಕೊಂಡ ಒಂದು ಕಪ್ಪು ಆಕಾರ ಆಡನ್ನು ಹೊತ್ತುಕೊಂಡು ಹೊರಗೆ ಹೋಗುತ್ತಿತ್ತು. ಆಡಿನ ಕಾಲುಗಳು ಮೇಲಕ್ಕೆ ಸೆಟೆದುಕೊಂಡಿದ್ದವು.

“ಗಾಯ್ದಾದ ಕೊಳವೆಗಳು,” ಎಂದ ಮಾನೋಲ್.

“ಈಗ ಗೊತ್ತಾಗತ್ತೆ. ಆಗ ನಾನು, ಅಬ್ಬ, ಇದು ಕನಸು ಅಂತ ಕನಸಲ್ಲೇ ಗೊತ್ತಾಯ್ತಲ್ಲ, ಆರು ತಿಂಗಳು ಒದ್ದಾಡಿದ್ದಕ್ಕೆ ಸಾರ್ಥಕ ಆಯ್ತು ಅಂತ ಮಂಚದ ಮೇಲೆ ಎದ್ದು ನಿಂತು ಹಾರಿದೆ.”

ಹಾರಿದ್ದಕ್ಕೆ ಸಾಕ್ಷಿಯಾಗಿ ಅವಳು ಮೊಣಕಾಲಿನ ಕಪ್ಪು ಕಲೆಯನ್ನು ತೋರಿಸಿದಳು.

“ಬಿದ್ದಾಗ ನೋವಾಗಲಿಲ್ವಾ?”

“ಆಯ್ತು. ಕನಸು ಗಟ್ಟಿಯಾದ್ರೆ ನೋವೂ ನಿಜದ ಹಾಗೇ ಇರತ್ತೆ ಅಂತ ಸೆವ್ದಾ ಹೇಳಿದ್ಲಲ್ಲ. ನಂದು ಗಟ್ಟಿಯಾಗಿದೆ ಅಂತ ಖುಷಿಪಟ್ಟು ಅಲ್ಲೇ ನೆಲದ ಮೇಲೆ ನಿದ್ದೆ ಹೋದೆ.”

ದಂತವೈದ್ಯ ಕಾಮೆನ್‌ನ ಹೇಳಿಕೆ ಇದಕ್ಕಿಂತ ಮೇಲೇನೂ ಇರಲಿಲ್ಲ. ತಾನು ವಿಜ್ಞಾನ ಓದಿದವನು, ಆಡಿನ ಸದ್ದು ಕೇಳಿದ ಕೂಡಲೇ ಕನಸೇ ಅಲ್ಲವೇ ಎಂದು ಪರೀಕ್ಷಿಸಲು, ಕನಸಿನಲ್ಲಿ ಎಣಿಕೆ ತಪ್ಪುತ್ತದೆಂದು ಸೆವ್ದಾ ಕಲಿಸಿದ ಹಾಗೆ ಬೆರಳೆಣಿಸಿದೆ, ಹತ್ತು ಬಂತು, ಎಚ್ಚರವಾಗಿದ್ದೇನೆಂದು ತಿಳಿಯಿತು, ಆದರೂ ಒಂದೇ ಪ್ರಯೋಗವನ್ನು ನಂಬಬಾರದೆಂದು ಎರಡನೆಯ ಸಲ ಎಣಿಸುತ್ತಾ ಏಳಕ್ಕೆ ನಿದ್ದೆ ಹತ್ತಿತು ಎಂದು ಅವನು ಗಂಭೀರವಾಗಿ ಬರೆಸಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಈ ಕೂಟದವರಿಗೆ ಅಂಗೈ ಕಂಡರೂ ಅದು ತಮ್ಮದೇ ಎನ್ನುವುದಕ್ಕೆ ಇನ್ನೊಂದು ಅಂಗೈ ಬೇಕಾಗಿತ್ತು.

ಹೊರಡುವಾಗ ನೇದಾ ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದಳು. ಅರಚಿದ್ದು ಆಡು ಎಂದು ಆಗ ಅನ್ನಿಸಿತಾದರೂ ಈಗ ಯೋಚಿಸಿದರೆ ಅದಕ್ಕೆ ಮುಂಚೆ ಮೂರು ಸ್ವರ ಚೆನ್ನಾಗಿ ಬಂದಿತ್ತು. ನಾಲ್ಕನೆಯದು ಸೋರಿಹೋಗಿ ಅರಚಾಟವಾಯಿತು. ನುಡಿಸಿದವನಿಗೆ ವಿದ್ಯೆ ಇತ್ತು, ಬೆರಳು ಮಾತ್ರ ಕೂರಲಿಲ್ಲ.

ಮಾನೋಲ್ ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದ. ಕದಿಯಲು ಬಂದವನು ನಿಂತು ನುಡಿಸುವುದುಂಟೇ?

*

ಸೆವ್ದಾ ಅಡುಗೆಮನೆಯಲ್ಲಿ ರೊಟ್ಟಿ ಕೊಯ್ಯುತ್ತಿದ್ದಳು. ಊರಿನಲ್ಲಿ ಮಕ್ಕಳು ಹುಟ್ಟುವುದು ನಿಂತು ಶಿಶುವಿಹಾರ ಮುಚ್ಚಿದಾಗ ಎಲ್ಲರೂ ಬೀಗ ಹಾಕಿ ಮನೆಗೆ ಹೋದರು, ಅವಳೊಬ್ಬಳು ಹೋಗಲಿಲ್ಲ. ಮೊಲ, ಅಣಬೆ, ಬಾತುಕೋಳಿ, ಮುಳ್ಳುಹಂದಿಯ ಚಿತ್ರ ಅಂಟಿಸಿದ ಆ ಪುಟ್ಟ ಮಂಚಗಳನ್ನು ಸುಟ್ಟುಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಮಕ್ಕಳನ್ನು ಮಲಗಿಸಿದ ಕೈಯಲ್ಲೇ ಈಗ ದೊಡ್ಡವರನ್ನು ಮಲಗಿಸಿ, ಬೆಳಗಿನ ಜಾವ ಗಂಟೆ ಹೊಡೆದು ಎಬ್ಬಿಸಿ, ಸ್ವಲ್ಪ ಹೊತ್ತು ಕೂರಿಸಿ, ‘ಈಗ ಕಾಣೋದು ಕನಸು ಅಂತ ಕನಸಲ್ಲೇ ತಿಳ್ಕೋತೀನಿ’ ಎಂದು ಹೇಳಿಸಿ ಮತ್ತೆ ಮಲಗಿಸುತ್ತಿದ್ದಳು. ಈ ವಿದ್ಯೆಯನ್ನು ಎಲ್ಲಿ ಕಲಿತಳೋ, ಮಾನೋಲ್ ಕೇಳಿರಲಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಅವನಿಗೆ ಸ್ವಂತ ಹಾಸಿಗೆಯಲ್ಲೇ ಬರುತ್ತಿರಲಿಲ್ಲ. ಬಂದ ನಿದ್ದೆಯನ್ನು ಬೇಕೆಂದೇ ಕೆಡಿಸಿಕೊಳ್ಳುವವರ ಮೇಲೆ ಅವನಿಗೆ ಸಿಟ್ಟೇ ಇತ್ತು.

“ಅಣ್ಣಾ, ನೀನು ನಿಜ ಹೇಳು. ನನ್ನ ಮೇಲೆ ಅನುಮಾನ ಇದ್ಯಾ?”

“ಇದ್ದಿದ್ರೆ ನಿನ್ನ ರೊಟ್ಟಿ ತಿಂತಿದ್ನಾ?”

“ನೀನು ಯಾರ ರೊಟ್ಟಿನಾದ್ರೂ ತಿಂತೀಯ.”

ಅದು ಸುಳ್ಳಲ್ಲ. ಮಾನೋಲ್ ತಟ್ಟೆ ಎಳೆದುಕೊಂಡ. ಆ ರಾತ್ರಿ ಕೀಲಿ ಎಲ್ಲಿತ್ತು ಎಂದು ಹತ್ತನೆಯ ಸಲ ಕೇಳಿದ. ಏಪ್ರನ್ನಿನ ಜೇಬಿನಲ್ಲಿ, ಏಪ್ರನ್ ಒಲೆಯ ಪಕ್ಕದ ಮೊಳೆಯಲ್ಲಿ, ಅದು ಎಲ್ಲರಿಗೂ ಗೊತ್ತಿರುವ ವಿಷಯ ಎಂದು ಅವಳು ಹತ್ತನೆಯ ಸಲ ಹೇಳಿದಳು. ಎಲ್ಲರನ್ನೂ ಮತ್ತೆ ಮಲಗಿಸಿ ಅವಳೂ ಮಲಗಿದ್ದಳು. ಎದ್ದಿದ್ದವನು ಕೂಟದ ಮುದುಕ ರೂಸಿ ಒಬ್ಬನೇ. ಲೋಟ ತೊಳೆಯುವ ಸರದಿ ಆವತ್ತು ಅವನದು. ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ ಎಂದು ರೂಸಿ ಮೊದಲ ದಿನವೇ ಹೇಳಿ ಬಾಯಿ ಹೊಲಿದುಕೊಂಡಿದ್ದ.

ಮಾನೋಲ್ ರೊಟ್ಟಿಯ ಮೇಲೆ ಚೀಸ್ ಇಟ್ಟು ಕಚ್ಚಿದ. ಗಾಟು ನೆತ್ತಿಗೇರಿತು.

“ಇದೇನೇ ಇದು, ಆಡಿನ ಚೀಸು?”

“ರೂಸಿ ಮಾಮ ಕೊಟ್ಟಿದ್ದು. ಗುರುವಾರ ಬೆಳಗ್ಗೆ ಬೀದಿಗೆಲ್ಲ ಹಂಚಿದ್ರು, ಅಪೋಸ್ತೋಲನ ಆತ್ಮಕ್ಕೆ ಅಂತ. ಕನಸಲ್ಲಿ ಬಂದಿದ್ನಂತೆ.”

ಬ್ರೆಸ್ತೊದಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಸತ್ತವನು ಕನಸಿನಲ್ಲಿ ಬಂದು ಏನಾದರೂ ಕೇಳಿದರೆ, ಬೆಳಗಾದ ಮೇಲೆ ಅದನ್ನು ನೆರೆಹೊರೆಗೆ ಹಂಚಲೇಬೇಕು. ಹಂಚಿದ್ದು ಅವನಿಗೆ ಮುಟ್ಟುತ್ತದೆ. ಸಿಹಿ ಕೇಳಿದರೆ ಸಿಹಿರೊಟ್ಟಿ, ಬಾಯಾರಿಕೆ ಎಂದರೆ ವೈನು. ಮಾನೋಲನ ಅತ್ತೆಗೆ ಸತ್ತ ಗಂಡ ಬಂದು ಕಾಲು ತಣ್ಣಗಾಗಿದೆ ಎಂದಾಗ ಅವಳು ಇಡೀ ಬೀದಿಗೆ ಕಾಲುಚೀಲ ಹಂಚಿದ್ದಳು.

ಆದರೆ ಚೀಸ್ ಯಾಕೆ? ಅಪೋಸ್ತೋಲ್ ಬದುಕಿರುವ ತನಕ ಆಡಿನ ಚೀಸ್ ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದ. ರೂಸಿಯ ಮನೆಯಲ್ಲಿ ಆಡೂ ಇಲ್ಲ. ಮುಂಜಾನೆ ಎದ್ದು ಮೇಲಿನ ಹಳ್ಳಿಗೆ ನಡೆದುಹೋಗಿ ಆಡಿನದ್ದೇ ಬೇಕೆಂದು ತರುವುದಕ್ಕೆ ಮುದುಕನಿಗೆ ಏನು ಹಿಡಿದಿತ್ತು?

ಮಾನೋಲ್ ಜಗಿಯುವುದನ್ನು ನಿಲ್ಲಿಸಿದ. ಗಾಯ್ದಾದ ಚೀಲವೂ ಆಡಿನದ್ದೇ.

“ಸೆವ್ದಾ, ರೂಸಿ ಮಾಮನ್ನ ಕರಿ,” ಎಂದು ಎದ್ದ. ಕೆಟ್ಟ ಚೀಸನ್ನು ಮಾತ್ರ ಮುಗಿಸಿಯೇ ಎದ್ದ.

*

ಊಟದ ಕೋಣೆಗೆ ರೂಸಿ ಬರುವಷ್ಟರಲ್ಲಿ ವೆನೆತಾ ಪಾಶೋವಾ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಾಗಿತ್ತು. ಅವಳ ಪಕ್ಕದಲ್ಲಿ ಅಪೋಸ್ತೋಲನ ವಿಧವೆ ರಾಯ್ನಾ. ನಾಳೆ ಸ್ಮರಣೆಯಲ್ಲಿ ಹಂಚಲು ಬೇಯಿಸಿದ ಗೋಧಿಗೆ ಸಕ್ಕರೆ ಉದುರಿಸುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದೇನೆ, ಬೇಗ ಮುಗಿಸಿ ಎಂದು ಅವಳು ಬಂದ ಕೂಡಲೇ ಹೇಳಿದ್ದಳು. ಆಪಾದನೆ ಹೊತ್ತವಳು ಒಳಗಿರಬಾರದು ಎಂದು ವೆನೆತಾ ಸೆವ್ದಾಳನ್ನು ಅಂಗಳಕ್ಕೆ ಕಳಿಸಿದ್ದಳು. ಹಿಮ ಬಿದ್ದ ಅಂಗಳದಲ್ಲಿ ಮಕ್ಕಳ ಜೋಕಾಲಿಯ ಮೇಲೆ ಅವಳು ಮುದುಡಿ ಕೂತದ್ದು ಕಿಟಕಿಯಿಂದ ಕಾಣುತ್ತಿತ್ತು. ಅವ್ವ ಸತ್ತ ಮೇಲೆ, ತನಗಿಂತ ಚಿಕ್ಕವಳಾದ ಇವಳೇ ಸ್ಟೂಲಿನ ಮೇಲೆ ನಿಂತು ತನಗೆ ಅಡುಗೆ ಮಾಡಿ ಬಡಿಸಿದವಳು.

ರೂಸಿ ಮರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಒಳಗೆ ಬಂದವನು ಬಲಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಆ ಕೈಯ ಉಂಗುರದ ಬೆರಳನ್ನು ಗರಗಸ ಮದುವೆಯ ಉಂಗುರದ ಸಮೇತ ನುಂಗಿಹಾಕಿತ್ತು. ಅದಕ್ಕೆ ಮುಂಚೆ ಅವನೂ ಗಾಯ್ದಾ ನುಡಿಸುತ್ತಿದ್ದ. ಅಪೋಸ್ತೋಲನೂ ಅವನೂ ಜೊತೆಗೆ ಕೂತು ನುಡಿಸಿದ ಮದುವೆಗಳ ನೆನಪು ಊರಿಗಿನ್ನೂ ಇತ್ತು.

“ರೂಸಿ ಮಾಮ, ಚೀಸ್ ಚೆನ್ನಾಗಿತ್ತು,” ಎಂದ ಮಾನೋಲ್.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಕೇಳದೆಯೇ ರೂಸಿ, ತಾನೇನೂ ಕದ್ದಿಲ್ಲ ಎಂದ.

“ಕದ್ರಿ ಅಂತ ಯಾರಂದ್ರು? ಅಪೋಸ್ತೋಲ್ ಕನಸಲ್ಲಿ ಬಂದು ಏನು ಕೇಳಿದ, ಅಷ್ಟು ಹೇಳಿ ಸಾಕು.”

ರೂಸಿ ರಾಯ್ನಾಳ ಮುಖ ನೋಡಿದ, ನೆಲ ನೋಡಿದ. ಕಡೆಗೆ, “ಗಾಯ್ದಾ ಕೇಳ್ದ,” ಎಂದ.

“ಅದಕ್ಕೆ ಚೀಸ್ ಹಂಚಿದ್ರಾ?”

“ಗಾಯ್ದಾನ ಬೀದಿಗೆ ಹೆಂಗಪ್ಪಾ ಹಂಚೋದು? ಅದು ಆಡಿಂದು, ಇದೂ ಆಡಿಂದು. ಅವನಿಗೆ ಅರ್ಥ ಆಗತ್ತೆ ಅಂದ್ಕೊಂಡೆ.”

ವೆನೆತಾ ಕೆಮ್ಮಿದಳು. ಸಂಘದ ಸೊತ್ತು ಕಳೆದುಹೋದ ವಿಚಾರಣೆಯಲ್ಲಿ ಕನಸು, ಚೀಸುಗಳಿಗೆ ಜಾಗವಿಲ್ಲ ಎಂದು ಹೇಳಿದಳು. ಮಾನೋಲ್ ಅವಳಿಗೆ ಕೈ ಮುಗಿದು, ಇನ್ನೊಂದು ಲೋಟ ಕಷಾಯ ಕುಡಿಯುವಷ್ಟು ಹೊತ್ತು ಕೊಡಿ ಎಂದು ಕೇಳಿಕೊಂಡ.

ಆಮೇಲೆ ರೂಸಿ ಹೇಳಿದ್ದು ಹೀಗೆ. ಲೋಟ ತೊಳೆದು ಕಷಾಯದ ಗಷ್ಟನ್ನು ಹೊರಗೆ ಚೆಲ್ಲಲು ಬಾಗಿಲು ತೆಗೆದಾಗ ಅಪೋಸ್ತೋಲ್ ಮೆಟ್ಟಿಲ ಮೇಲೆ ನಿಂತಿದ್ದ. ಮಾತಿಲ್ಲ, ಕತೆಯಿಲ್ಲ. ಒಳಗೆ ಬಂದು ಗಾಜಿನ ಪೆಟ್ಟಿಗೆ ತೋರಿಸಿ ಕೈ ಚಾಚಿದ. ಸೆವ್ದಾ ಹೇಳಿಕೊಟ್ಟ ಹಾಗೆ ರೂಸಿ ತಕ್ಷಣ ಬೆರಳೆಣಿಸಿಕೊಂಡ. ಮಿಕ್ಕವರಿಗೆ ಎಣಿಕೆಯಲ್ಲಿ ಗೊಂದಲವಿರಬಹುದು, ಅವನಿಗೆ ಇರಲಿಲ್ಲ. ಎಚ್ಚರದಲ್ಲಿ ಒಂಬತ್ತು, ಕನಸಿನಲ್ಲಿ ಹತ್ತು.

“ಕನಸಲ್ಲಿ ನನ್ನ ಬೆರಳು ವಾಪಸ್ ಬರತ್ತೆ ಮಾನೋಲ್. ಅದಕ್ಕೇ ನಾನು ಇಲ್ಲಿಗೆ ಬರೋದು. ಮೊದಲ್ನೇ ಸಲ ಬಂದಾಗ ಅತ್ತುಬಿಟ್ಟಿದ್ದೆ. ಬಂದ ಮೇಲೆ ಸುಮ್ನೆ ಇರ್ತೀನಾ, ಕೂತ್ಕೊಂಡು ನುಡಿಸ್ತೀನಿ.”

ಆವತ್ತೂ ಹತ್ತು ಬಂತು. ಕನಸೆಂದು ಖಾತ್ರಿಯಾಯಿತು. ಕನಸಿನಲ್ಲಿ ಗೆಳೆಯ ಬಂದು ತನ್ನದನ್ನು ತಾನು ಕೇಳಿದರೆ ಇಲ್ಲವೆನ್ನಲು ರೂಸಿ ಏನು ಪಾಪಿಯೇ? ಏಪ್ರನ್ನಿನಿಂದ ಕೀಲಿ ತೆಗೆದ, ಪೆಟ್ಟಿಗೆ ತೆಗೆದ, ಕೊಡುವ ಮುಂಚೆ ಒಂದೇ ಒಂದು ಸಲ ಚೀಲಕ್ಕೆ ಉಸಿರು ತುಂಬಿ ನುಡಿಸಿದ, ಕೊಟ್ಟ, ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಇದ್ದಲ್ಲೇ ಇಟ್ಟ. ಅವನು ಶಿಸ್ತಿನ ಮನುಷ್ಯ, ಕನಸಿನಲ್ಲೂ. ಬೆಳಗ್ಗೆ ನಿಜವಾದ ಗಾಯ್ದಾ ಕಾಣೆಯಾದಾಗ, ಸತ್ತವನೇ ಬಂದು ಕೊಂಡೊಯ್ದ ಎಂದು ತಿಳಿದು, ಸತ್ತವರ ಗುಟ್ಟನ್ನು ಬಿಡಬಾರದೆಂದು ಬಾಯಿ ಮುಚ್ಚಿಕೊಂಡಿದ್ದ.

ರಾಯ್ನಾ ಶಿಲುಬೆಯ ಗುರುತು ಮಾಡಿಕೊಂಡಳು. ಮಾನೋಲ್ ಮಾತ್ರ ನೇದಾಳ ಹೇಳಿಕೆಯಲ್ಲಿ ಗೆರೆ ಎಳೆದ ಸಾಲಿಗೆ ಹಿಂತಿರುಗಿದ್ದ.

“ಮಾಮ, ಕನಸಲ್ಲಿ ನೀವು ನುಡಿಸೋವಾಗ ಯಾವತ್ತಾದ್ರೂ ಸ್ವರ ತಪ್ಪಿದೆಯಾ?”

“ಯಾವತ್ತೂ ಇಲ್ಲ.”

“ಗುರುವಾರ?”

ರೂಸಿ ಒಪ್ಪಿಕೊಂಡ. ಗುರುವಾರ ನಾಲ್ಕನೆಯ ಸ್ವರ ಕೆಟ್ಟಿತ್ತು. ಉಂಗುರದ ಬೆರಳು ಮುಚ್ಚಬೇಕಾದ ತೂತು ಮುಚ್ಚಲೇ ಇಲ್ಲ. ಬಹಳ ದಿನದ ಮೇಲೆ ನುಡಿಸಿದ್ದಕ್ಕೆ ಹಾಗಾಯಿತೆಂದು ಅವನು ಬೇಜಾರು ಮಾಡಿಕೊಂಡಿದ್ದ.

“ಒಲೆ ಆರಿತ್ತಾ ಆವಾಗ?”

“ಆರಿತ್ತು. ನೀರು ಕೈ ಕೊರೀತಿತ್ತು.”

“ಕೈಗೆ ಏನು ಹಾಕ್ಕೊಂಡಿದ್ರಿ?”

ಮುದುಕ ಎಡಗೈಯಿಂದ ಜೇಬು ತಡಕಿ ಒಂದು ಜೊತೆ ಉಣ್ಣೆಯ ಕೈಗವಸು ತೆಗೆದು ಮೇಜಿನ ಮೇಲಿಟ್ಟ. ಲೋಟ ತೊಳೆದಾದ ಮೇಲೆ ಹಾಕಿಕೊಂಡಿದ್ದನಂತೆ. ಹೆಂಡತಿ ತೋದೊರ್ಕಾ ಈ ಚಳಿಗಾಲಕ್ಕೆಂದು ಹೊಸದಾಗಿ ಹೆಣೆದದ್ದು. ಉಂಗುರ ಕಳೆದದ್ದನ್ನು ಇಂದಿಗೂ ಕ್ಷಮಿಸದ ಹೆಂಗಸು ಅವಳು. ಊನದ ಕೈಗವಸು ಹೆಣೆಯಲಾರೆ, ನೋಡಿದವರು ನನಗೆ ಹೆಣೆಯಲು ಬರುವುದಿಲ್ಲ ಅಂದುಕೊಳ್ಳುತ್ತಾರೆ ಎಂದು ಐದೂ ಬೆರಳು ಹೆಣೆದು, ಖಾಲಿ ಬೆರಳು ಜೋಲಾಡದಿರಲಿ ಎಂದು ಅದರೊಳಗೆ ಉಣ್ಣೆ ತುರುಕಿದ್ದಳು.

“ಹಾಕ್ಕೊಳ್ಳಿ ಮಾಮ. ಎಣಿಸಿ.”

ರೂಸಿ ಹಾಕಿಕೊಂಡ. ಎಡಗೈಯಿಂದ ಶುರುಮಾಡಿ ತುಟಿ ಅಲುಗಿಸುತ್ತಾ ಎಣಿಸಿದ. ಹತ್ತು. ವೆನೆತಾ ಕೂಡ ಕತ್ತು ಮುಂದೆ ಚಾಚಿ ಎಣಿಸಿದಳು. ಉಣ್ಣೆ ತುಂಬಿದ ಬೆರಳು ಮಿಕ್ಕ ಬೆರಳುಗಳಿಗಿಂತ ಸ್ವಲ್ಪ ದಪ್ಪವಾಗಿಯೇ ಇತ್ತು.

ಮುದುಕನ ಮುಖ ಇಳಿದುಹೋಯಿತು. ಕಳ್ಳತನದ ಮಾತು ಅವನಿಗೆ ಆ ಕ್ಷಣಕ್ಕೆ ನೆನಪೇ ಆಗಲಿಲ್ಲ. ಗೆಳೆಯ ಬಂದದ್ದಕ್ಕೆ, ಬೆರಳು ಬಂದದ್ದಕ್ಕೆ ಮೂರು ದಿನ ಅವನು ಒಳಗೊಳಗೇ ಸುಖಪಟ್ಟಿದ್ದ. ಈಗ ಅವೆರಡೂ ಒಟ್ಟಿಗೆ ಹೋದವು.

“ಹಂಗಾದ್ರೆ ನಾನು ಎಚ್ಚರವಾಗೇ ಇದ್ದೆ,” ಎಂದ. ಉಣ್ಣೆಯ ಬೆರಳನ್ನು ಒತ್ತಿ ನೋಡಿ, “ಹಂಗಾದ್ರೆ ನಾನು ಕೊಟ್ಟಿದ್ದು ಯಾರಿಗೆ?” ಎಂದ.

ಮಾನೋಲ್ ಎದ್ದು ನಿಂತ. ಕೀಲಿ ತೆಗೆದದ್ದು ರೂಸಿ, ಪೆಟ್ಟಿಗೆ ತೆಗೆದದ್ದೂ ರೂಸಿ. ಸೆವ್ದಾ ಪಾಪ ನಿದ್ದೆ ಮಾಡುತ್ತಿದ್ದಳು. ಇದನ್ನು ಅವನು ವೆನೆತಾಳಿಗೆ ಬಿಡಿಸಿ ಹೇಳಿದ, ಸಾಲದೆಂದು ಇನ್ನೊಂದು ಸಲ ಹೇಳಿದ. ಗೆದ್ದವನು ಅಲ್ಲಿಗೆ ನಿಲ್ಲಿಸಿ ಟೋಪಿ ಹಾಕಿಕೊಂಡು ಮನೆಗೆ ಹೋಗಬೇಕಿತ್ತು. ಆದರೆ ತಾನು ಜಾಣ ಎಂದು ಒಮ್ಮೆ ಅನ್ನಿಸಿದರೆ ಮಾನೋಲನಿಗೆ ನಿಲ್ಲಿಸಲು ಬರುತ್ತಿರಲಿಲ್ಲ.

ಅಪೋಸ್ತೋಲನೇ ಎಂದು ಹೇಗೆ ಗೊತ್ತಾಯಿತು, ಮುಖ ಕಂಡಿತೇ ಎಂದು ಅವನು ರೂಸಿಯನ್ನು ಕೇಳಿದ. ಮುಖ ಕಂಡಿರಲಿಲ್ಲ. ಕಂಡದ್ದು ಕೋಟು. ತಲೆಗೆ ಕೊಪ್ಪೆಯಿದ್ದ ಕಂದು ಕಂಬಳಿ ಕೋಟು, ಗಾಯ್ದಾದ ಕೊಳವೆ ಒರಗಿ ಸವೆದ ಹೆಗಲಿಗೆ ಕೆಂಪು ಉಣ್ಣೆಯ ತೇಪೆ. ಅಂಥದ್ದು ಈ ಬೆಟ್ಟದಲ್ಲಿ ಇನ್ನೊಂದಿಲ್ಲ. ತೇಪೆ ಹಾಕಿದವಳು ತಾನೇ ಎಂದು ರಾಯ್ನಾ ಮೆಲ್ಲಗೆ ಒಪ್ಪಿಕೊಂಡಳು.

“ರಾಯ್ನಾ ಅಕ್ಕ, ಅಪೋಸ್ತೋಲ್ ಸತ್ತ ನಲವತ್ತನೇ ದಿನ ಅವನ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟಿರಿ ಅಲ್ವಾ?”

“ಕೊಡದೆ ಇಟ್ಕೊಳ್ಳಕ್ಕಾಗತ್ತಾ? ಎಲ್ಲಾರೂ ಕೊಡ್ತಾರೆ.”

“ಆ ಕೋಟು ಯಾರಿಗೆ ಹೋಯ್ತು?”

ರಾಯ್ನಾ ತನ್ನ ಕಪ್ಪು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಹೇಳಬೇಕೋ ಬೇಡವೋ ಎಂದು ಅಳೆದು ನೋಡುವವಳ ಹಾಗೆ ಕಿಟಕಿಯ ಕಡೆ ಒಮ್ಮೆ ತಿರುಗಿದಳು.

“ನಿನ್ನ ತಂಗಿಗೆ ಕಣಪ್ಪ. ಆವತ್ತೇ ಮನೇಗೆ ಬಂದು ಕೇಳಿ ಇಸ್ಕೊಂಡು ಹೋದ್ಲು. ನಮ್ಮಣ್ಣಂಗೆ ಬೆಚ್ಚಗಿರತ್ತೆ ಅಂತ.”

ಮಾನೋಲನಿಗೆ ಅಂಥ ಕೋಟನ್ನು ಯಾರೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಹಾಕಿಕೊಳ್ಳುತ್ತಿದ್ದ, ಅವನ ಕೋಟಿನ ಅಸ್ತರು ಹರಿದು ಎರಡು ಚಳಿಗಾಲವಾಗಿತ್ತು.

ವೆನೆತಾ ಕೈಚೀಲದ ಬಾಯಿಯನ್ನು ಟಕ್ಕನೆ ಮುಚ್ಚಿದಳು. ಅವಳಿಗೆ ವಿವರಿಸಿ ಹೇಳಬೇಕಾದ್ದು ಈಗ ಏನೂ ಉಳಿದಿರಲಿಲ್ಲ. ರೂಸಿ ಎಚ್ಚರವಾಗಿದ್ದ, ಬಂದವರು ಬದುಕಿರುವವರು, ಬಂದವರ ಮೈಮೇಲೆ ಆ ಕೋಟಿತ್ತು. ಅಷ್ಟನ್ನೂ ಮಾನೋಲನೇ ಕೂತು ಹೊಲಿದು ಕೊಟ್ಟಿದ್ದ. ಉಳಿದದ್ದು ಅದನ್ನು ಸೆವ್ದಾಳಿಗೆ ತೊಡಿಸುವುದು ಮಾತ್ರ.

ಅವನು ಕಿಟಕಿಯಿಂದ ನೋಡಿದ. ಸೆವ್ದಾ ಜೋಕಾಲಿಯ ಮೇಲೆ ಕೂತು ಕೈಗೆ ಬಿಸಿಯುಸಿರು ಊದಿಕೊಳ್ಳುತ್ತಿದ್ದಳು. ಯಾಕೆ ಹೀಗೆ ಮಾಡಿದೆಯೇ ತಾಯೀ ಎಂದು ಮನಸ್ಸು ಕೂಗಿತು. ಕಟ್ಟಡ ಉಳಿಸಿಕೊಳ್ಳಲು ದುಡ್ಡು ಬೇಕಾಗಿತ್ತೇ? ಇದ್ದರೂ ಇರಬಹುದು. ಅವಳು ಏನು ಮಾಡಿದ್ದರೂ ಅವಳನ್ನು ಪೊಲೀಸರ ಜೀಪಿನಲ್ಲಿ ಕೂರಿಸಿ ನೋಡುವ ಶಕ್ತಿ ಅವನಿಗಿರಲಿಲ್ಲ. ಇಡೀ ಕೆಲಸದ ಅವಧಿಯಲ್ಲಿ ಒಂದು ಸುಳ್ಳು ಹೇಳಿಕೆಯನ್ನೂ ಬರೆಯದ ಮನುಷ್ಯ ಬಾಯಿ ತೆರೆದ.

“ಹೌದು, ಕೊಟ್ಟಿದ್ಲು. ಕೋಟು ನನ್ನ ಹತ್ರಾನೇ ಇದೆ.”

“ಬುಧವಾರ ರಾತ್ರಿ?” ಎಂದಳು ವೆನೆತಾ.

“ಆವಾಗ್ಲೂ ನನ್ನ ಹತ್ರಾನೇ ಇತ್ತು. ಬೇರೆ ಯಾರ ಕೈಗೂ ಹೋಗಿಲ್ಲ.”

ರೂಸಿ ಕೈಗವಸಿನ ಕೈ ಮೇಜಿನ ಮೇಲಿಟ್ಟುಕೊಂಡೇ ಅವನನ್ನು ದಿಟ್ಟಿಸಿದ. ವೆನೆತಾ ಅವಸರ ಮಾಡಲಿಲ್ಲ. ಹಾಗಾದರೆ ಮನೆಗೆ ಹೋಗಿ ಆ ಕೋಟು ಹಾಕಿಕೊಂಡು, ಕೊಪ್ಪೆ ತಲೆಯ ಮೇಲೆ ಎಳೆದುಕೊಂಡು ವಾಪಸ್ಸು ಬಂದು ಅದೇ ಬಾಗಿಲಲ್ಲಿ ನಿಂತುಕೊಳ್ಳಿ, ಅಷ್ಟರಲ್ಲಿ ತಾನು ಠಾಣೆಗೆ ಫೋನ್ ಮಾಡಿರುತ್ತೇನೆ, ರೂಸಿ ನೋಡಿ ಗುರುತು ಹೇಳಲಿ ಎಂದಳು. ಇಷ್ಟು ಹೇಳುವಾಗ ಮೊದಲ ಸಲ ಅವಳು ಮಾನೋಲನನ್ನು ಮಾನೋಲ್ ಎನ್ನದೆ ಶ್ರೀ ಕೆಹಾಯೋವ್ ಎಂದಳು.

ಮಾನೋಲ್ ಟೋಪಿ ತೆಗೆದುಕೊಂಡು ಅಂಗಳಕ್ಕೆ ಬಂದ. ಸೆವ್ದಾ ಜೋಕಾಲಿಯಿಂದ ಎದ್ದು ಓಡಿ ಬಂದಳು. ಅವನು ಅವಳ ತೋಳು ಹಿಡಿದು ಗೇಟಿನವರೆಗೆ ನಡೆಸಿಕೊಂಡು ಹೋದ. ಬೈಯಬೇಕೆಂದಿದ್ದ, ಬೈಯಲಾಗಲಿಲ್ಲ.

“ಹೆದರ್ಬೇಡ. ಕೋಟು ನನ್ನ ಹತ್ರ ಇದೆ ಅಂತ ಹೇಳಿದ್ದೀನಿ. ಈಗ ಎಲ್ಲಿ ಬಚ್ಚಿಟ್ಟಿದ್ದೀಯ, ಅದನ್ನಷ್ಟು ಹೇಳು. ಬೇಗ.”

“ಯಾವ ಕೋಟು?” ಎಂದಳು ಸೆವ್ದಾ.

“ಅಪೋಸ್ತೋಲಂದು. ನಲವತ್ತನೇ ದಿನ ರಾಯ್ನಾ ಹತ್ರ ಇಸ್ಕೊಂಡೆಯಲ್ಲ, ಅದು.”

ಅವಳು ಅವನನ್ನು ನೋಡಿದಳು. ಚಿಕ್ಕಂದಿನಲ್ಲಿ ಅವನಿಗೆ ಜ್ವರ ಬಂದಾಗ ನೋಡುತ್ತಿದ್ದ ಹಾಗೆ ನೋಡಿದಳು.

“ಅಣ್ಣಾ, ನಲವತ್ತನೇ ದಿನ ನಾನು ಊರಲ್ಲೇ ಇರಲಿಲ್ಲ. ನಿನ್ನ ಪಿತ್ತದ ಕಲ್ಲು ತೆಗೆಸಕ್ಕೆ ಅಂತ ಪ್ಲೋವ್‌ದಿವ್ ಆಸ್ಪತ್ರೇಲಿ ಒಂದು ವಾರ ನಿನ್ನ ಮಂಚದ ಪಕ್ಕಾನೇ ಕೂತಿದ್ದೆ. ಮರೆತುಬಿಟ್ಯಾ?”

ಅವನಿಗೆ ನೆನಪಾಯಿತು. ಮೂಗಿನಲ್ಲಿ ನಳಿಕೆ, ಕಿಟಕಿಯಾಚೆ ಟ್ರಾಲಿ ಬಸ್ಸು, ಅವಳು ಚಮಚದಲ್ಲಿ ಕುಡಿಸಿದ ಉಪ್ಪಿಲ್ಲದ ಸೂಪು, ಎಲ್ಲ ಒಟ್ಟಿಗೆ ನೆನಪಾಯಿತು. ತಂಗಿಯನ್ನು ಉಳಿಸಬಲ್ಲ ಸಾಕ್ಷಿ ಇಡೀ ಜಗತ್ತಿನಲ್ಲಿ ತಾನೊಬ್ಬನೇ ಆಗಿದ್ದ. ಆ ಸಾಕ್ಷಿ ಈಗಷ್ಟೇ ವೆನೆತಾ, ರೂಸಿ ಇಬ್ಬರ ಎದುರು ರಾಯ್ನಾಳ ಸುಳ್ಳನ್ನು ನಿಜವೆಂದು ಒಪ್ಪಿ ಬಂದಿದ್ದ.

ಮಾನೋಲ್ ಹಿಂತಿರುಗಿ ನೋಡಿದ. ಊಟದ ಕೋಣೆಯ ಕಿಟಕಿಯ ಹಿಂದೆ ವೆನೆತಾ ಫೋನಿನಲ್ಲಿ ಮಾತಾಡುತ್ತಿದ್ದಳು. ಅವಳ ಪಕ್ಕದ ಕುರ್ಚಿ ಖಾಲಿಯಿತ್ತು. ಹಿತ್ತಲ ಬಾಗಿಲಿನಿಂದ ಹೊರಟ ರಾಯ್ನಾ ಹಿಮದಲ್ಲಿ ಮನೆಯ ದಾರಿ ಬಿಟ್ಟು ಕೆಳಗೆ, ಬಸ್ ನಿಲ್ದಾಣದ ಕಡೆಗೆ ಬಿರಬಿರನೆ ಹೋಗುತ್ತಿದ್ದಳು.